ಎಡಭುಜಕ್ಕೆ ಅರ್ಧ ಇಂಚು

ನವೆಂಬರ್ 11

ಪ್ರೀತಿಯ ಅಪ್ಪ,

ಸೇರಿಸಿಕೊಂಡರು! ಅತ್ತೆ ನನ್ನನ್ನು ಸತ್ಸಂಗಕ್ಕೆ ಸೇರಿಸಿಕೊಂಡರು ಅಪ್ಪಾ!

ಮದುವೆಯಾಗಿ ಎಂಟು ವಾರವಾಯಿತಲ್ಲ, ಎಂಟು ಗುರುವಾರವೂ ನಾನು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತಿದ್ದೆ. ಅದು ಅತ್ತೆಯ ಕಟ್ಟಳೆ. ಹೊಸಬರು ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೇಳಬೇಕು, ಆಮೇಲೆ ಒಳಗಿನ ಚಾಪೆ. ನನ್ನ ಬಾಯಿ, ಎರಡು ತಿಂಗಳು! "ಇವಳು ಪಾಸಾದ್ರೆ ನಾನು ಹನ್ನೆರಡನೇ ಮಹಡಿಗೂ ಮೆಟ್ಟಿಲು ಹತ್ತಿ ಹೋಗ್ತೀನಿ" ಎಂದು ನಿನ್ನ ಅಳಿಯ ಪಣ ಕಟ್ಟಿದ್ದರು. ಲಿಫ್ಟ್ ರಿಪೇರಿ ಮಾಡುವವರು ಮೆಟ್ಟಿಲು ಹತ್ತುವುದೆಂದರೆ ಎಷ್ಟು ನಾಚಿಕೆಗೇಡು ನೋಡು. ನಿನ್ನೆ ಇಡೀ ದಿನ ಹತ್ತಿ ಬಂದು ಈಗ ಕಾಲು ನೀಡಿಕೊಂಡು ನರಳುತ್ತಿದ್ದಾರೆ.

ನೀನು ಹುಬ್ಬು ಗಂಟಿಕ್ಕುತ್ತಿದ್ದೀಯ, ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿನಗೆ ಸತ್ಸಂಗ ಎಂದರೆ ಆಗದು. ಆದರೆ ಇದು ಬೇರೆ. ಹದಿನಾಲ್ಕು ಜನ, ಒಂದು ದೀಪ, ಒಂದು ಹಾರ್ಮೋನಿಯಂ. ಅದರಲ್ಲಿ ಒಂದು ಸ್ವರದ ಮನೆ ಒತ್ತಿದರೆ ಪಕ್ಕದ್ದೂ ಜೊತೆಗೆ ಕೂಗುತ್ತದೆ, ಬಾರಿಸುವ ತಾತನಿಗೆ ಅದು ಕೇಳಿಸುವುದೇ ಇಲ್ಲ. ಹಾಡು, ಒಂದು ಶ್ಲೋಕ, ಅದರ ಮೇಲೆ ಮಾತು, ಕೊನೆಗೆ ಹತ್ತು ನಿಮಿಷ ಮೌನ. ಆ ಮೌನದಲ್ಲಿ ಅಡುಗೆಮನೆಯ ಫ್ರಿಜ್ ಗುರ್ರೆನ್ನುವುದು ಕೇಳುತ್ತದೆ, ಪಕ್ಕದವರ ಉಸಿರೂ ಕೇಳುತ್ತದೆ. ಹದಿಮೂರು ಜನರ ಜೊತೆ ಸುಮ್ಮನಿರುವುದು ಒಬ್ಬಳೇ ಸುಮ್ಮನಿರುವುದಕ್ಕಿಂತ ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ!

ಮತ್ತೆ ಬಾಗಿಲ ಹಿಂದೆ ಒಂದು ದೊಡ್ಡ ಮರದ ಪೆಟ್ಟಿಗೆ ಇದೆ. ಹೊರಡುವ ಮುಂಚೆ ಒಬ್ಬೊಬ್ಬರೇ ಹೋಗಿ ಅದರಲ್ಲಿ ಏನಾದರೂ ಹಾಕುತ್ತಾರೆ. ಆಗ ಉಳಿದವರೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು, ಯಾರು ಏನು ಕೊಟ್ಟರೆಂದು ಯಾರೂ ನೋಡಬಾರದು. ಶನಿವಾರ ಇಲ್ಲದವರಿಗೆ ಬಟ್ಟೆಬರೆ ಹಂಚುವ ಆಶ್ರಯದವರ ವ್ಯಾನ್ ಬಂದು ಒಯ್ಯುತ್ತದೆ. ಒಳಗಿನ ಚಾಪೆಗೆ ಬಂದ ಮೊದಲ ದಿನ ಮಾತ್ರ ನಮಗೆ ತುಂಬಾ ಇಷ್ಟವಾದದ್ದನ್ನೇ ಕೊಡಬೇಕು.

ನಾನು ಏನು ಕೊಟ್ಟೆ ಹೇಳು? ನೀನು ಮದುವೆಗೆ ಹೊಲಿದುಕೊಟ್ಟ ನೀಲಿ ಕೋಟು! ಕೊಟ್ಟದ್ದನ್ನು ಯಾರಿಗೂ ಹೇಳಬಾರದು, ಆದರೆ ಅಪ್ಪನಿಗೆ ಹೇಳಿದರೆ ಹೇಳಿದ ಹಾಗಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ನಿನಗೆ ಹೆಮ್ಮೆಯಾಯಿತು ತಾನೇ?

ಕುಣಿಯುತ್ತಿರುವ,
ನಿನ್ನ ಗಿರಗಿಟ್ಲೆ

*

ನವೆಂಬರ್ 27

ಪ್ರೀತಿಯ ಅಪ್ಪ,

ಹದಿನಾರು ದಿನವಾಯಿತು. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ಹೊಲಿಗೆ ಮಿಷನ್ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಕೇಳಿಸದ ಎಡಗಿವಿಗೇ ಹಿಡಿಯುತ್ತೀಯ. ಅದಕ್ಕೇ ಕಾಗದ. ಅದೂ ಇಂಗ್ಲಿಷಿನಲ್ಲಿ ಬರೆದರೆ ಪಕ್ಕದಂಗಡಿಯ ಚಪ್ಪಲಿಯವರ ಹತ್ತಿರ ಓದಿಸುತ್ತೀಯೆಂದು ಕನ್ನಡದಲ್ಲೇ, ಬೆರಳು ನೋಯುವಷ್ಟು ಬರೆದಿದ್ದೇನೆ.

ಹುಷಾರಾಗಿದ್ದೀಯ ತಾನೇ? ಅಂಗಡಿಯ ಮುಂದಿನ ರಸ್ತೆ ದಾಟುವಾಗ ನಿನಗೆ ಹಾರ್ನ್ ಕೇಳಿಸುವುದಿಲ್ಲ, ಎರಡೂ ಕಡೆ ನೋಡಿ ದಾಟು. ಇಲ್ಲಿ ಚಳಿ ಶುರುವಾಯಿತು. ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಎಲ್ಲರೂ "ನಿನ್ನ ಆ ನೀಲಿ ಕೋಟು ಎಲ್ಲಿ?" ಎಂದು ಕೇಳುತ್ತಾರೆ. ನಾನು ಗೂಢವಾಗಿ ನಗುತ್ತೇನೆ. ಒಂದು ರೆಡಿಮೇಡ್ ಸ್ವೆಟರ್ ಕೊಂಡೆ. ಅದು ಯಾಕೋ ಒಂದು ಕಡೆ ಜಾರುತ್ತದೆ.

ಒಂದೇ ಒಂದು ಸಾಲು ಬರಿ. "ಬದುಕಿದ್ದೇನೆ" ಎಂದಾದರೂ ಸಾಕು.

ನಿನ್ನ ಗಿರಗಿಟ್ಲೆ

*

ಡಿಸೆಂಬರ್ 4

ಗಿರಗಿಟ್ಲೆಗೆ ಆಶೀರ್ವಾದ.

ಬದುಕಿದ್ದೇನೆ.

ನಿಮ್ಮಮ್ಮ ಹೋದಾಗ ಸತ್ಸಂಗದವರೆಂದು ಹನ್ನೊಂದು ಜನ ಬಂದು ಕೂತು, ಸಂಸಾರ ಎಲ್ಲ ಮಾಯೆ ಎಂದರು. ನೀನು ಆಗ ಜ್ವರದಲ್ಲಿ ಮಲಗಿದ್ದೆ. ಒಬ್ಬರೂ ಎದ್ದು ನಿನಗೆ ಒಂದು ಲೋಟ ನೀರು ಕಾಯಿಸಿ ಕೊಡಲಿಲ್ಲ. ಪಕ್ಕದ ಚಪ್ಪಲಿಯವನು ಕಾಯಿಸಿದ. ಅವನು ಏನೂ ಉಪದೇಶ ಮಾಡಲಿಲ್ಲ. ಅಂದಿನಿಂದ ಅವನ ಜೊತೆಗೇ ಕೂರುತ್ತೇನೆ.

ಕೋಟಿನ ವಿಷಯ. ನಿನಗೆ ಹೇಳಬಾರದೆಂದುಕೊಂಡಿದ್ದೆ. ನಿನ್ನ ಎಡಭುಜ ಬಲಕ್ಕಿಂತ ಅರ್ಧ ಇಂಚು ತಗ್ಗು. ಹುಟ್ಟಿನಿಂದಲೇ ಹಾಗೆ. ಒಂದನೇ ಕ್ಲಾಸಿನ ಯೂನಿಫಾರ್ಮಿನಿಂದ ಹಿಡಿದು ಮದುವೆಯ ರವಿಕೆಯವರೆಗೆ ನಿನ್ನ ಎಲ್ಲ ಬಟ್ಟೆಗೂ ಎಡಗಡೆ ಒಳಗೆ ಮೆತ್ತೆ ಇಟ್ಟು ಹೊಲಿದಿದ್ದೇನೆ. ಸ್ಕೂಲಿನಲ್ಲಿ ಯಾರೂ ನಿನ್ನನ್ನು ಆಡಿಕೊಳ್ಳಲಿಲ್ಲ, ನಿನಗೂ ತಿಳಿಯಲಿಲ್ಲ.

ಆ ಕೋಟು ಈ ಭೂಮಿಯ ಮೇಲೆ ಒಂದೇ ಮೈಗೆ ಸರಿ. ಬೇರೆಯವರು ಹಾಕಿದರೆ ಎಡಗಡೆ ಏರಿ ನಿಲ್ಲುತ್ತದೆ, ಬಲ ಬಗಲು ಹಿಡಿಯುತ್ತದೆ. ತೆಗೆದುಕೊಂಡವರು ಯಾರೋ, ಪಾಪ. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ. ಅಳೆಯದೆ ಕೊಟ್ಟದ್ದು ದಾನ ಅಲ್ಲ, ಮನೆ ಗುಡಿಸಿದ್ದು.

ಇನ್ನು ರೆಡಿಮೇಡ್ ಕೊಂಡುಕೊಳ್ಳುತ್ತಿರು. ನಿನಗೆ ನಾನು ಹೊಲಿಯುವುದಿಲ್ಲ.

ಇಂತಿ,
ಅಪ್ಪ

*

ಡಿಸೆಂಬರ್ 8

ಅಪ್ಪ,

ಅಳೆಸಿದೆ. ಲಿಫ್ಟಿನವರ ಹತ್ತಿರ ಮಟ್ಟ ನೋಡುವ ಸಣ್ಣ ಗಾಜಿನ ಕೊಳವೆ ಇರುತ್ತದಲ್ಲ, ಒಳಗೆ ನೀರು, ನೀರಿನಲ್ಲಿ ಗುಳ್ಳೆ. ಇವರು ಅದನ್ನು ಒಂದು ಪಟ್ಟಿಯ ಮೇಲಿಟ್ಟು ನನ್ನ ಎರಡೂ ಭುಜದ ಮೇಲೆ ಅಡ್ಡ ಹಿಡಿದರು. ಗುಳ್ಳೆ ಬಲಕ್ಕೆ ಓಡಿಹೋಗಿ ಅಲ್ಲೇ ಕೂತಿತು. "ನೀನು ಲಿಫ್ಟ್ ಆಗಿದ್ದಿದ್ರೆ ಜನ ಹತ್ತೋಕೆ ಬಿಡ್ತಿರ್ಲಿಲ್ಲ" ಎಂದರು. ನಾನು ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನಿನ್ನ ಮೇಲೆ ಸಿಟ್ಟು ಬಂದಿದೆ. ಹೇಳಬಾರದಿತ್ತಾ? ಹೇಳಿದ್ದರೆ ನಾನು ಕೊಡುತ್ತಿದ್ದೆನಾ? ಇಪ್ಪತ್ತು ವರ್ಷ ನೀನು ಗೋಡೆಯ ಕಡೆ ಮುಖ ಮಾಡಿಕೊಂಡು ಕೊಟ್ಟಿದ್ದೀಯ, ಈಗ ಒಂದೇ ಕಾಗದದಲ್ಲಿ ತಿರುಗಿ ನಿಂತು ಬೈಯುತ್ತೀಯ!

ಮದುವೆಯ ಫೋಟೋ ತೆಗೆದು ನೋಡಿದೆ. ಎಷ್ಟು ನೆಟ್ಟಗೆ ನಿಂತಿದ್ದೇನೆ.

ತಕ್ಷಣ ಅತ್ತೆಯ ಹತ್ತಿರ ಹೋಗಿ, ಕೋಟನ್ನು ಆಶ್ರಯದವರಿಂದ ತರಿಸಿಕೊಡಿ ಎಂದು ಬೇಡಿಕೊಂಡೆ. ಅವರು ಪಾತ್ರೆ ಒರೆಸುತ್ತಾ, "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ಬೇಡ ಅಂತಾರೆ. ನೀನು ಹಸುವನ್ನೇ ವಾಪಸ್ ಕೇಳ್ತಿದ್ದೀಯಲ್ಲೇ!" ಎಂದರು.

"ವಾಪಸ್ ಬೇಡ ಅತ್ತೆ, ಯಾರಿಗೆ ಹೋಯ್ತು ಅಂತ ಹೇಳಿ ಸಾಕು."

"ನನಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋದೂ ಇಲ್ಲ. ಕೊಟ್ಟವರು ಹಿಂದಿರುಗಿ ನೋಡ್ಬಾರ್ದು."

"ಯಾಕೆ?"

"ಯಾಕೆ ಅಂದ್ರೆ ಯಾಕೆ. ಆ ತಪ್ಪಲೆ ಕೊಡು ಇಲ್ಲಿ."

ವಾಪಸ್ ಬೇಡ ಎಂದದ್ದು ಸುಳ್ಳು. ನಿನಗೆ ಮಾತ್ರ ಹೇಳುತ್ತಿದ್ದೇನೆ. ನನಗೆ ಅದು ಬೇಕು, ಈಗಲೇ ಬೇಕು.

ಗಿರಗಿಟ್ಲೆ

*

ಡಿಸೆಂಬರ್ 20

ಅಪ್ಪ,

ಕೋಟು ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಕನ್ನಡಕದಂಗಡಿಗೆ ಹೋಗುವ ದಾರಿಯಲ್ಲಿ ಒಂದು ಸ್ಕೂಲಿದೆ. ಅದರ ಮುಂದೆ ಬೆಳಿಗ್ಗೆ, ಸಂಜೆ ಒಬ್ಬಾಕೆ ಕೋಲಿಗೆ ಹಾಕಿದ ದುಂಡನೆಯ ಕೆಂಪು ಫಲಕ ಎತ್ತಿ ಹಿಡಿದು ಗಾಡಿಗಳನ್ನು ತಡೆದು ಮಕ್ಕಳನ್ನು ರಸ್ತೆ ದಾಟಿಸುತ್ತಾರೆ. ಮಕ್ಕಳು ಅವರನ್ನು ನಿಲ್ಲಕ್ಕ ಎನ್ನುತ್ತಾರೆ. ಬಸ್ಸಿನವರೂ ಹೆದರುವ ಹೆಂಗಸು. ನಿನ್ನೆ ಬೆಳಿಗ್ಗೆ ನೋಡುತ್ತೇನೆ, ನಿಲ್ಲಕ್ಕನ ಮೈಮೇಲೆ ನನ್ನ ನೀಲಿ ಕೋಟು! ನೀನು ಬರೆದ ಹಾಗೆಯೇ ಎಡಗಡೆ ಏರಿ, ಕಾಲರ್ ಕತ್ತಿನಿಂದ ದೂರ ನಿಂತಿತ್ತು. ಬಲ ತೋಳನ್ನು ಹಾಕಿಯೇ ಇರಲಿಲ್ಲ, ಅದು ಖಾಲಿಯಾಗಿ ಜೋತಾಡುತ್ತಿತ್ತು. ಆ ಚಳಿಯಲ್ಲಿ ಬರೀ ರವಿಕೆಯ ತೋಳಿನ ಕೈಯಲ್ಲಿ ಫಲಕ ಎತ್ತಿ ನಿಂತಿದ್ದರು.

ಸುಮ್ಮನೆ ದಾಟಿ ಹೋಗಬೇಕಿತ್ತು. ನನಗೆ ಎಲ್ಲಿ ಬರುತ್ತದೆ ಅದು?

"ಅಕ್ಕಾ, ತೋಳು ಯಾಕೆ ಹಾಕ್ಕೊಂಡಿಲ್ಲ?"

"ಹಾಕ್ಕೊಂಡ್ರೆ ಕೈ ಎತ್ತೋಕಾಗಲ್ಲ, ಕೈ ಎತ್ತಿದ್ರೆ ಹೊಲಿಗೆ ಬಿಡುತ್ತೆ. ನೋಡು ಇಲ್ಲಿ" ಎಂದು ಬಗಲು ತೋರಿಸಿದರು. ನಿನ್ನ ಹೊಲಿಗೆ ಎರಡು ಬೆರಳಗಲ ಬಿಟ್ಟಿತ್ತು. "ಬಟ್ಟೆ ಏನೋ ರಾಜರದ್ದು. ಆದ್ರೆ ಕೊಟ್ಟ ಪುಣ್ಯಾತ್ಗಿತ್ತಿ ಯಾರೋ, ಅವಳ ಮೈ ಸೊಟ್ಟಗಿತ್ತು ಅಂತ ಕಾಣುತ್ತೆ!"

ನನ್ನ ಮುಖ ಕಾದ ಇಸ್ತ್ರಿ ಪೆಟ್ಟಿಗೆಯಾಯಿತು.

"ಬೇರೆ ಕೋಟು ಕೇಳ್ಬಹುದಿತ್ತಲ್ಲ ಅಕ್ಕಾ?"

"ಪುಕ್ಕಟೆ ಕೊಟ್ಟಿದ್ದಕ್ಕೆ ಅಳತೆ ಸರಿಯಿಲ್ಲ ಅನ್ನೋಕಾಗುತ್ತಾ? ನಿಲ್ಲು, ನಿಲ್ಲು, ಲಾರಿ ಬಂತು."

ವಾಪಸ್ ಬೇಕೆಂಬ ಆಸೆ ಅಲ್ಲೇ ಸತ್ತುಹೋಯಿತು. ಅದರ ಬದಲು ಬಂದದ್ದು ಇನ್ನೂ ಕಷ್ಟದ್ದು. ಇಡೀ ದಿನ ಅಂಗಡಿಯಲ್ಲಿ ಜನರ ನಂಬರ್ ನೋಡುತ್ತಾ ಕೂತಿದ್ದೆ. ನಾವು ಒಬ್ಬರ ನಂಬರಿನ ಕನ್ನಡಕವನ್ನು ಇನ್ನೊಬ್ಬರಿಗೆ ಎಂದಾದರೂ ಕೊಡುತ್ತೇವೆಯೇ? ಇಷ್ಟು ಗೊತ್ತಿದ್ದೂ!

ಸರಿಮಾಡಿಸುವುದು ಹೇಗೆ, ಹೇಳು. ನನಗೆ ಹೊಲಿಯಬೇಡ, ಬೇಡವೇ ಬೇಡ. ಹೇಗೆಂದು ಮಾತ್ರ ಹೇಳು.

ಗಿರಗಿಟ್ಲೆ

*

ಜನವರಿ 5

ಅಪ್ಪ,

ಉತ್ತರವಿಲ್ಲ. ಇರಲಿ. ಬರೆಯುತ್ತಲೇ ಇರುತ್ತೇನೆ, ಬೇಜಾರಾಗಿಯಾದರೂ ನೀನು ಬರೆಯುತ್ತೀಯ.

ನಿಲ್ಲಕ್ಕನನ್ನು ಪೂಸಿ ಹೊಡೆದು, ಕೋಟನ್ನು ಅರ್ಧ ದಿನಕ್ಕೆ ಇಸಿದುಕೊಂಡು ಇಲ್ಲಿನ ದರ್ಜಿಯ ಹತ್ತಿರ ಒಯ್ದೆ. ಅವರು ಲೈನಿಂಗ್ ಎತ್ತಿ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇದನ್ನ ನಾನು ಮುಟ್ಟಲ್ಲಮ್ಮ. ಹೊಲಿದ ಕೈಯೇ ಬಿಚ್ಬೇಕು. ನಾನು ಬಿಚ್ಚಿದ್ರೆ ಕೋಟೂ ಇರಲ್ಲ, ಹೊಲಿದವನ ಮರ್ಯಾದೆನೂ ಇರಲ್ಲ" ಎಂದರು. ಹೆಮ್ಮೆಪಡಲಾ, ಅಳಲಾ?

ಬೇರೆ ಹೊಸ ಕೋಟು ಕೊಡಿಸುತ್ತೇನೆಂದರೆ ನಿಲ್ಲಕ್ಕ ಕೆರಳಿಬಿಟ್ಟರು. "ನೀನ್ಯಾರೇ ನನಗೆ ಕೊಡಿಸೋಕೆ? ನಾನೇನು ಕೈ ಚಾಚಿದ್ನಾ?" ಪೆಟ್ಟಿಗೆಯಿಂದ ಬಂದದ್ದನ್ನು ತೆಗೆದುಕೊಳ್ಳುತ್ತಾರಂತೆ, ಎದುರು ನಿಂತವಳಿಂದ ಆಗದಂತೆ. ಹೀಗೆ ಎಲ್ಲ ಬಾಗಿಲೂ ಮುಚ್ಚಿದವು. ಆ ಉರಿಯಲ್ಲೇ ನಿನ್ನೆ ಸತ್ಸಂಗಕ್ಕೆ ಕೂತೆ.

ನಿನ್ನೆಯ ಮಾತು ದಾನದ ಮೇಲೇ ಇರಬೇಕೇ! ದೇಶ, ಕಾಲ, ಪಾತ್ರ ನೋಡಿ ಕೊಡಬೇಕು ಎಂದು ಅತ್ತೆ ವಿವರಿಸಿದರು. ಎಲ್ಲಿ, ಯಾವಾಗ, ಯಾರಿಗೆ ಎಂದು ನೋಡಬೇಕು, ಆಗಲೇ ದಾನ ಶುದ್ಧ. ಎಲ್ಲರೂ ತಲೆ ಆಡಿಸಿದರು. ಆಮೇಲೆ ಎದ್ದು ಗೋಡೆಯ ಕಡೆ ತಿರುಗಿದರು. ನಾನು ತಿರುಗಲಿಲ್ಲ.

"ತಿರುಗು" ಎಂದರು ಅತ್ತೆ.

"ಯಾರಿಗೆ ಅಂತ ನೋಡಿ ಕೊಡಿ ಅಂತೀರಿ. ಪೆಟ್ಟಿಗೆಗೆ ಕಣ್ಣೆಲ್ಲಿದೆ ಅತ್ತೆ? ಅದು ಯಾರನ್ನ ನೋಡುತ್ತೆ?"

ಫ್ರಿಜ್ ಗುರ್ರೆಂದಿತು. ಹಾರ್ಮೋನಿಯಂ ತಾತ ಗೋಡೆಗೆ ಹೇಳುವ ಹಾಗೆ, "ಹೋದ ವಾರ ನಾನು ನನ್ನ ಹಳೇ ಕನ್ನಡಕ ಹಾಕಿದೆ. ಯಾರಿಗೆ ಕಾಣಿಸ್ತಿದೆಯೋ ಏನೋ" ಎಂದರು. ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ದೀಪವನ್ನು ಶಾಂತ ಮಾಡಿ ಒಳಗೆ ಹೋದರು. ಅವರು ನನ್ನ ಜೊತೆ ಮಾತು ಬಿಟ್ಟು ಒಂದು ದಿನವಾಯಿತು, ನೀನು ಬಿಟ್ಟು ಒಂದು ತಿಂಗಳು. ನಿನ್ನ ಅಳಿಯ ಅತ್ತೆಯ ಮತ್ತು ನನ್ನ ನಡುವೆ ಲಿಫ್ಟಿನ ಹಾಗೆ ಮೇಲೆ ಕೆಳಗೆ ಓಡಾಡುತ್ತಿದ್ದಾರೆ.

ಮತ್ತೆ ಚಪ್ಪಲಿಯ ಪಕ್ಕಕ್ಕೆ ಬಂದಿರುವ,
ಗಿರಗಿಟ್ಲೆ

*

ಜನವರಿ 10

ಬೀಗರಿಗೆ ನಮಸ್ಕಾರಗಳು.

ಮದುವೆಯ ದಿನ ನಾವು ಸರಿಯಾಗಿ ಮಾತಾಡಲಿಲ್ಲ. ನಿಮಗೆ ನನ್ನಂಥವರನ್ನು ಕಂಡರೆ ಆಗುವುದಿಲ್ಲವೆಂದು ನಿಮ್ಮ ಮಗಳು ಮೊದಲ ವಾರವೇ ಹೇಳಿಬಿಟ್ಟಿದ್ದಾಳೆ. ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ನಿಮಗೆ ಗೊತ್ತೇ ಇದೆ.

ಅವಳು ಹನ್ನೆರಡು ಜನರ ಮುಂದೆ ನನ್ನನ್ನು ಕೇಳಿದಳು. ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಬರೆಯುತ್ತಿದ್ದೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ದೊಡ್ಡ ಮನೆಯವರು ನನಗೆ ಒಂದು ಫ್ರಾಕ್ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಸ್ಕೂಲಿಗೆ ಹೋದ ದಿನ ಆ ಮನೆಯ ಹುಡುಗಿ ಎದ್ದು ನಿಂತು, "ಟೀಚರ್, ಅದು ನನ್ನ ಫ್ರಾಕ್" ಎಂದಳು. ಅವಳೇನು ಕೆಟ್ಟವಳಲ್ಲ, ಖುಷಿಯಲ್ಲಿ ಹೇಳಿದಳು. ಮಾರನೆಯ ದಿನದಿಂದ ನಾನು ಹರಿದದ್ದನ್ನೇ ಹಾಕಿಕೊಂಡು ಹೋದೆ. ಪೆಟ್ಟಿಗೆ, ಗೋಡೆ, ಎಲ್ಲ ಅದಕ್ಕಾಗಿ. ಕೊಟ್ಟವರ ಪುಣ್ಯಕ್ಕಲ್ಲ, ತೆಗೆದುಕೊಂಡವರ ಮಾನಕ್ಕೆ.

ಆದರೆ ನಿಮ್ಮ ಮಗಳು ಕೇಳಿದ್ದೂ ಸುಳ್ಳಲ್ಲ. ಮಗನಿಂದ ಕೋಟಿನ ವಿಷಯ ತಿಳಿದು ನಿನ್ನೆ ನಾನೇ ಹೋಗಿ ಸ್ಕೂಲಿನ ಎದುರು ಬೆಂಚಿನ ಮೇಲೆ ಕೂತು ನೋಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಿರುಗಿ ನೋಡಿದ್ದು. ಆ ಹೆಂಗಸು ಮಕ್ಕಳನ್ನು ದಾಟಿಸಿದಷ್ಟು ಹೊತ್ತೂ ಅವಳ ಬರಿಗೈ ಚಳಿಗೆ ನಡುಗುತ್ತಿತ್ತು, ತೋಳು ಪಕ್ಕದಲ್ಲೇ ನೇತಾಡುತ್ತಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ.

ನೀವು ದರ್ಜಿಗಳು. ಹಿಡಿದ ಬಗಲನ್ನು ಬಿಡಿಸಬಹುದೇ? ಇಷ್ಟು ತಿಳಿಸಿದರೆ ಉಪಕಾರ.

ನಿಮ್ಮ ಬೀಗಿತಿ

*

ಜನವರಿ 18

ಬೀಗಿತಿಯವರಿಗೆ ನಮಸ್ಕಾರ.

ಬಿಡಿಸಬಹುದು. ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದೇನೆ, ಮಗಳು ಮುಂದೆ ದಪ್ಪವಾದರೆ ಇರಲಿ ಎಂದು. ಎಡಗಡೆಯ ಮೆತ್ತೆ ತೆಗೆಯಬೇಕು, ಬಗಲಿಗೆ ಪಟ್ಟಿ ಕೊಡಬೇಕು. ಆ ಹೆಂಗಸಿನ ಅಳತೆ ಕಳಿಸಿ.

ನಿಮ್ಮ ಪೆಟ್ಟಿಗೆಯ ಕಾರಣ ಓದಿದೆ. ಅದು ಬೇರೆ ಎಂದು ನನಗೆ ತಿಳಿದಿರಲಿಲ್ಲ.

ಗಿರಗಿಟ್ಲೆಗೆ ಹೇಳಿ: ಅವಳದೇ ಅಳತೆ ಬರೆಯುವುದು ಬೇಡ, ಅದು ನನಗೆ ಗೊತ್ತಿದೆ.

ಇಂತಿ,
ಬೀಗರು

*

ಜನವರಿ 23

ಪ್ರೀತಿಯ, ಪ್ರೀತಿಯ, ಪ್ರೀತಿಯ ಅಪ್ಪ,

ಅತ್ತೆಗೆ ಬರೆದ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ಅತ್ತೆ ಕಾಗದ ಕಿತ್ತುಕೊಂಡು, "ಸವೆದು ಹೋಗುತ್ತೆ ಕಣೇ, ಸಾಕು" ಎಂದು ಡಬ್ಬಿಯಲ್ಲಿಟ್ಟರು. ಹೌದು, ಮಾತಾಡಿದರು! ಫ್ರಾಕಿನ ಕಥೆಯನ್ನೂ ಹೇಳಿದರು.

ಅಳತೆ ತೆಗೆದುಕೊಂಡೆ. ಸ್ಕೂಲಿನ ಕಾಂಪೌಂಡಿನ ಒಳಗೆ, ಎಲ್ಲ ಮಕ್ಕಳೂ ನೋಡುತ್ತಿರುವಾಗ. "ಹೊಲಿಗೆ ಬಿಟ್ಟಿದೆಯಲ್ಲ, ನನಗೆ ಗೊತ್ತಿರೋ ದರ್ಜಿ ಹಾಕಿಕೊಡ್ತಾರೆ" ಎಂದಷ್ಟೇ ಹೇಳಿದ್ದೇನೆ. ಎದೆ 38, ಭುಜ 16, ತೋಳು 22, ಬಗಲ ಸುತ್ತ 17.

ನಿನ್ನ ಗಿರಗಿಟ್ಲೆ

*

ಜನವರಿ 30

ಗಿರಗಿಟ್ಲೆ,

ಬಗಲನ್ನು ಕೈ ಇಳಿಬಿಟ್ಟು ಅಳೆದಿದ್ದೀಯ. ಅವಳು ಇಡೀ ದಿನ ಕೈ ಎತ್ತಿ ನಿಲ್ಲುವವಳು, ಎತ್ತಿದ ಅಳತೆ ಬೇಕು. ಫಲಕ ಹಿಡಿದು, ಎತ್ತಿ, ಗಾಡಿ ಬಂದ ಕಡೆಗೆ ತಿರುಗಿದಾಗ ಬೆನ್ನು ಎಷ್ಟು ಹಿಗ್ಗುತ್ತದೆ? ಬರೆದಿಲ್ಲ. ಹುಟ್ಟಿದಾಗಿನಿಂದ ಅಂಗಡಿಯಲ್ಲೇ ಬೆಳೆದವಳಿಗೆ ಟೇಪು ಹಿಡಿಯಲು ಬರುವುದಿಲ್ಲ! ಚಪ್ಪಲಿಯವನೂ ತಲೆ ಚಚ್ಚಿಕೊಂಡ.

ಇದು ಕಾಗದದಲ್ಲಿ ಆಗುವ ಕೆಲಸವಲ್ಲ. ನಾನು ನೋಡಬೇಕು.

ಅಪ್ಪ

*

ಫೆಬ್ರವರಿ 12

ಪ್ರೀತಿಯ ಅಪ್ಪ,

ನೋಡಬೇಕೆಂದೆಯಲ್ಲ, ನೋಡು. ಕರೆದುಕೊಂಡು ಬರುತ್ತಿದ್ದೇನೆ!

ಇದಾದದ್ದು ಹೇಗೆ ಎಂದು ಕೇಳು. ಹೋದ ಸೋಮವಾರ ನಿಲ್ಲಕ್ಕನನ್ನು ಹೇಗೆ ಒಪ್ಪಿಸುವುದೆಂದು ತಲೆ ಕೆರೆದುಕೊಳ್ಳುತ್ತಾ ಆ ರೆಡಿಮೇಡ್ ಸ್ವೆಟರಿನಲ್ಲೇ ಅವರ ಮುಂದೆ ನಿಂತಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೋಟು ನೋಡಿಕೊಂಡರು. ಮತ್ತೆ ನನ್ನ ಎಡಭುಜ ನೋಡಿದರು.

"ಓಹೋ! ಆ ಸೊಟ್ಟ ಮೈ ನೀನೇನಾ!"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆಯ ಫ್ರಾಕ್ ನೆನಪಾಯಿತು. ಬಾಯಿ ಬಿಡದೆ ನಿಂತೆ. ಅಪ್ಪಾ, ನಾನು, ಬಾಯಿ ಬಿಡದೆ! ನಿಲ್ಲಕ್ಕ ಫಲಕ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಬಸ್ಸು ಯಾಕೆ ನಿಂತೆನೆಂದು ತಿಳಿಯದೆ ಹಾಗೇ ನಿಂತಿತ್ತು.

"ಅಲ್ಲವೇ, ಈ ಚಳೀಲಿ ನಿನ್ನ ಕೋಟು ಕೊಟ್ಟು ನೀನು ಈ ಜಾಳು ಸ್ವೆಟರಲ್ಲಿ ನಡುಗ್ತಾ ಬಂದು ನನ್ನ ತೋಳು ನೋಡ್ತಿದ್ದೀಯಾ? ತಿಕ್ಕಲು!"

ಆಮೇಲೆ ನಿನ್ನ ವಿಷಯ ಎಲ್ಲ ಹೇಳಿದೆ. ಮೆತ್ತೆ, ಯೂನಿಫಾರ್ಮ್, ಮಂದ ಕಿವಿ, ಅಂಗಡಿಯ ಮುಂದಿನ ರಸ್ತೆ. ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದವರು ರಸ್ತೆಯ ಮಾತು ಬಂದ ಕೂಡಲೇ ಮೆತ್ತಗಾದರು. "ಪರೀಕ್ಷೆ ಮುಗಿದ ಮೇಲೆ ನನಗೆ ನಾಲ್ಕು ದಿನ ರಜೆ. ನಾಲ್ಕು ದಿನಾನೂ ನಿಮ್ಮಪ್ಪನ್ನ ನಾನು ದಾಟಿಸ್ತೀನಿ. ಅವರು ಬಗಲು ಬಿಡಿಸ್ಲಿ" ಎಂದರು. ಫಲಕವನ್ನೂ ತರುತ್ತಾರೆ. ನಾಚಿಕೆಯಾದರೆ ಸಹಿಸಿಕೋ.

ಅತ್ತೆಗೆ ಹೇಳಿದಾಗ, "ನನಗೂ ಒಂದು ಟಿಕೆಟ್ ತೆಗಿ" ಎಂದರು. ಪೆಟ್ಟಿಗೆ ಹಾಗೆಯೇ ಇರುತ್ತದೆ, ಗೋಡೆಯೂ ಇರುತ್ತದೆ. ಆದರೆ ಈಗ ಹಾಕುವವರು ಹೆಸರಿಲ್ಲದ ಒಂದು ಚೀಟಿಯಲ್ಲಿ ಅಳತೆ ಬರೆದು ಪಿನ್ ಮಾಡಬೇಕು. ಆಶ್ರಯದವರೂ ಬೇಕಾದವರ ಅಳತೆ ಬರೆದು ಕಳಿಸುತ್ತಾರೆ. ತಾತನ ಕನ್ನಡಕದ ನಂಬರನ್ನು ನಾನೇ ಬರೆದುಕೊಟ್ಟೆ. ಇನ್ನೂ ಅರ್ಧ ಜನ ಗೊಣಗುತ್ತಿದ್ದಾರೆ, ಗೊಣಗಲಿ.

ಅತ್ತೆ ನಿನಗೆ ಉಪದೇಶ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ನಿನ್ನ ಬೆಂಚಿನ ಮೇಲೆ ಚಪ್ಪಲಿಯವರ ಪಕ್ಕ ಸುಮ್ಮನೆ ಕೂರುತ್ತಾರಂತೆ. ನೀರು ಕಾಯಿಸುವುದಿದ್ದರೆ ಕಾಯಿಸುತ್ತಾರಂತೆ.

ನಾನು ಅದೇ ಸ್ವೆಟರಿನಲ್ಲಿ ಬರುತ್ತೇನೆ, ಮೆತ್ತೆಯಿಲ್ಲದೆ. ಪ್ಲಾಟ್‌ಫಾರ್ಮಿನಲ್ಲಿ ಎಡಕ್ಕೆ ವಾಲಿಕೊಂಡು ಬರುವವಳು ಯಾರೆಂದು ಗಾಬರಿಯಾಗಬೇಡ.

ನಿನ್ನ,
ಗಿರಗಿಟ್ಲೆ

ಅಯ್ಯೋ, ಮುಖ್ಯವಾದದ್ದೇ ಮರೆತೆ: ಫೆಬ್ರವರಿ ಇಪ್ಪತ್ತೊಂದು, ಬುಧವಾರ, ಬೆಳಿಗ್ಗೆ ಹತ್ತೂ ನಲವತ್ತರ ಪ್ಯಾಸೆಂಜರ್.